ಕರೆಂಟು ಹೋದಾಗಿನ ಕಡಲು

ಕಳೆದ ವಾರ ಹಳೆಯ ಮೇಜಿನ ಡ್ರಾಯರು ಖಾಲಿ ಮಾಡುತ್ತಿದ್ದಾಗ ಬೂದು ಬಣ್ಣದ ಒಂದು ರಬ್ಬರ್ ಗುಂಡು ಕೆಳಗೆ ಬಿತ್ತು. ಪುಟಿಯಲಿಲ್ಲ. ಭಾರವಾಗಿ ಉರುಳಿಕೊಂಡು ಹೋಗಿ ಬೀರುವಿನ ಅಡಿ ಸೇರಿತು. ಪೊರಕೆ ಕಡ್ಡಿ ಹಾಕಿ ಎಳೆದು ಕೈಗೆ ತೆಗೆದುಕೊಂಡೆ. ಮೊದಲು ಏನೆಂದೇ ತಿಳಿಯಲಿಲ್ಲ. ಮೂಗಿನ ಹತ್ತಿರ ತಂದರೆ ರಬ್ಬರು, ಧೂಳು, ಮಗ್ಗಕ್ಕೆ ಬಿಡುವ ಎಣ್ಣೆ, ಮೂರೂ ಸೇರಿದ ವಾಸನೆ... ಆಗ ಗೊತ್ತಾಯಿತು. ಹಳೇ ಕಾಲದ ಕಂಪ್ಯೂಟರ್ ಮೌಸಿನ ಹೊಟ್ಟೆಯೊಳಗೆ ಇರುತ್ತಿತ್ತಲ್ಲ, ಆ ಗುಂಡು. ಅದರ ಹಿಂದೆಯೇ ದೊಡ್ಡಬಳ್ಳಾಪುರದ ಮಗ್ಗದ ಮನೆ, ಅದರ ಮಹಡಿ ಕೋಣೆ, ಕಿಟಕಿ ಪಕ್ಕ ಕೂತು ಕೂಗಿ ಕೂಗಿ ಮಾತಾಡುತ್ತಿದ್ದ ಡಿಸೈನ್ ಮಾಸ್ಟರು, ಎಲ್ಲ ಒಟ್ಟಿಗೆ ಬಂದು ಎದುರಿಗೆ ನಿಂತರು.

ಮಾಸ್ಟರು ಸೀರೆಯ ಅಂಚು, ಸೆರಗುಗಳನ್ನು ಗ್ರಾಫ್ ಹಾಳೆಯ ಮೇಲೆ ಬರೆಯುತ್ತಿದ್ದವರು. ಹಾಳೆಯ ಒಂದೊಂದು ಚೌಕವೂ ಒಂದೊಂದು ಎಳೆಯ ಲೆಕ್ಕ. ತೆಳ್ಳನೆಯ ಕುಂಚ, ಕೆಂಪು ಶಾಯಿ. ಒಂದು ಹಂಸಕ್ಕೆ ಎರಡು ದಿನ, ಒಂದು ನವಿಲಿಗೆ ಒಂದು ವಾರ. ಅವರು ಬರೆದ ಮೇಲೆ ಅದಕ್ಕೆ ತಕ್ಕಂತೆ ರಟ್ಟಿಗೆ ತೂತು ಹೊಡೆದು ಮಗ್ಗಕ್ಕೆ ಏರಿಸಿದರೆ ನವಿಲು ತಾನಾಗಿ ಬಟ್ಟೆಯಲ್ಲಿ ಮೂಡುತ್ತಿತ್ತು. ಐವತ್ತು ದಾಟಿದ ವಯಸ್ಸು, ಒಣಕಲು ಮೈ, ದಪ್ಪ ಕನ್ನಡಕ. ಮನೆಮಾತು ತೆಲುಗು. ನನ್ನನ್ನು ‘ಅಮ್ಮಾಯಿ’ ಎನ್ನುತ್ತಿದ್ದರು. ಕೆಳಗೆ ಹದಿನಾರು ವಿದ್ಯುತ್ ಮಗ್ಗಗಳು ಒಂದೇ ಸಮನೆ ಬಡಿಯುತ್ತಿದ್ದುದರಿಂದ ನಮ್ಮ ಬೀದಿಯಲ್ಲಿ ಎಲ್ಲರ ಗಂಟಲೂ ದೊಡ್ಡದು. ಮಾಸ್ಟರಂತೂ ಮಗ್ಗದಿಂದ ಎರಡು ಮೈಲಿ ದೂರ ಹೋದರೂ, ಆಸ್ಪತ್ರೆಯಲ್ಲಿ ಕೂತಿದ್ದರೂ ಅದೇ ದನಿಯಲ್ಲೇ ಮಾತಾಡುವವರು.

ಅದು ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಕಟ್ಟುತ್ತಿದ್ದ ಕಾಲ. ನಮ್ಮೂರಿನಿಂದ ಆ ಕಡೆಗೆ ಹೋಗುವ ರಸ್ತೆಯಲ್ಲಿ ಜಲ್ಲಿ ತುಂಬಿದ ಟಿಪ್ಪರ್‌ಗಳು ಹಗಲೆಲ್ಲ ಓಡುತ್ತಿದ್ದವು. ಮಗ್ಗ ಬಿಟ್ಟು ಅಲ್ಲಿ ಕೆಲಸಕ್ಕೆ ಹೋದವರು ಹಳದಿ ಟೋಪಿ ಹಾಕಿಕೊಂಡು ಬಂದು ನಮಗೆ ತೋರಿಸಿ ಹೋಗುತ್ತಿದ್ದರು. ಎಲ್ಲ ಕಡೆಯೂ ಏನೋ ಹೊಸದು ಬರುತ್ತಿರುವಾಗ ತಾನೊಬ್ಬ ಹಿಂದೆ ಬೀಳಬಾರದೆಂದು ಮಗ್ಗದ ಮನೆಯ ಯಜಮಾನರು ಒಂದು ಕಂಪ್ಯೂಟರು ತಂದರು. ನಾನು ಮೂರು ತಿಂಗಳ ಕೋರ್ಸು ಮುಗಿಸಿದ್ದೆ. ಡಿಸೈನ್ ಸಾಫ್ಟ್‌ವೇರ್ ನಡೆಸಲು ನನ್ನನ್ನು ಸೇರಿಸಿಕೊಂಡರು. ನಾನು ಮಾಸ್ಟರಿಗೆ ಕಂಪ್ಯೂಟರು ಕಲಿಸಬೇಕು, ಮಾಸ್ಟರು ನನಗೆ ಅಂಚು ಬರೆಯುವುದನ್ನು ಕಲಿಸಬೇಕು ಎಂಬ ಏರ್ಪಾಡು.

ಮಾಸ್ಟರು ಅದನ್ನು ಮುಟ್ಟಲಿಲ್ಲ. ಮೊದಲ ದಿನ ಒಂದು ಸಲ ಮೌಸ್ ಹಿಡಿದರು. ಬಾಣ ಎತ್ತಲೋ ಹಾರಿಹೋಯಿತು. ಮೂವತ್ತು ವರ್ಷ ಒಂದು ಚೌಕದಿಂದ ಪಕ್ಕದ ಚೌಕಕ್ಕೆ ಶಾಯಿ ಹರಿಯದಂತೆ ನೋಡಿಕೊಂಡ ಕೈ ಅದು. ತೆರೆಯ ಮೇಲೆ ಕುಡಿದವನ ಹಾಗೆ ಅಲೆದಾಡಿದ ಬಾಣವನ್ನು ನೋಡಿ ಅವರ ಮುಖ ಕೆಂಪಾಯಿತು. “ನೀನೇ ಮಾಡ್ಕೊಳಮ್ಮಾ ಅಮ್ಮಾಯಿ. ನನ್ ಹಾಳೆ ನಂಗೆ ಸಾಕು,” ಎಂದು ಕಿಟಕಿಯ ಕಡೆ ತಿರುಗಿದರು.

ಹದಿನೈದು ದಿನ ಕಳೆದ ಮೇಲೆ ಯಜಮಾನರು ನನ್ನನ್ನು ಕೆಳಗೆ ಕರೆದರು. ಮಗ್ಗಗಳ ನಡುವೆ ನಿಂತು, ನನ್ನ ಕಿವಿಯ ಹತ್ತಿರ ಬಂದು ಹೇಳಿದರು. “ಗೌರಿ ಹಬ್ಬದ ಸೀಸನ್ನಿಗೆ ಕಂಪ್ಯೂಟರಲ್ಲಿ ಮಾಡಿದ ಅಂಚು ಬೇಕು ನೋಡು. ಮಾಸ್ಟ್ರು ಕಲೀಲಿಲ್ಲ ಅಂದ್ರೆ ಶಾಲು ಹೊದಿಸಿ ಮನೆಗೆ ಕಳಿಸ್ಬಿಡ್ತೀನಿ. ನೀನೊಬ್ಳೇ ಸಾಕು. ಅವ್ರಿಗೆ ಹೇಳ್ಬೇಡ.”

ನಾನು ತಲೆಯಾಡಿಸಿ ಮೇಲೆ ಬಂದೆ. ಮಾಸ್ಟರು ತಮ್ಮ ಡಬ್ಬಿಯಿಂದ ಹುರಿಗಡಲೆ ತೆಗೆದು ನನ್ನ ಕೈಗೆ ಹಾಕಿದರು. ಅದನ್ನು ನುಂಗುವುದು ಕಷ್ಟವಾಯಿತು. ಅವರ ಕುರ್ಚಿಗೆ ನಾನು ಬಂದು ಕೂರುವುದೇ?

ಆ ದಿನಗಳಲ್ಲಿ ಮಧ್ಯಾಹ್ನ ಕರೆಂಟು ಹೋಗುತ್ತಿತ್ತು. ಬೀದಿಯ ಅಷ್ಟೂ ಮಗ್ಗಗಳು ಒಂದೇ ಏಟಿಗೆ ನಿಂತರೆ ಹುಟ್ಟುವ ಮೌನವನ್ನು ನಾನು ಬೇರೆಲ್ಲೂ ಕೇಳಿಲ್ಲ. ಕಾಗೆ ಕೂಗಿದ್ದು, ಯಾರೋ ಕೆಮ್ಮಿದ್ದು, ಮೂರನೇ ಮನೆಯ ಒಗ್ಗರಣೆ, ಎಲ್ಲ ಕೇಳಿಸುತ್ತಿತ್ತು. ನೇಯುವವರು ಬಾಗಿಲಿಗೆ ಬಂದು ಬೀಡಿ ಹಚ್ಚುತ್ತಿದ್ದರು. ನಮ್ಮ ಕಂಪ್ಯೂಟರಿಗೆ ಮಾತ್ರ ಯುಪಿಎಸ್ ಇತ್ತು. ಅದು ಇಪ್ಪತ್ತು ನಿಮಿಷ ಜೀವ ಹಿಡಿಯುತ್ತಿತ್ತು. ಕಂಪ್ಯೂಟರು ಜೋಡಿಸಿಕೊಟ್ಟ ಹುಡುಗ ಅದರಲ್ಲಿ ಒಂದು ಯುದ್ಧದ ಆಟವನ್ನೂ ಹಾಕಿಟ್ಟು ಹೋಗಿದ್ದ. ಊರು ಕಟ್ಟಬೇಕು, ಮರ ಕಡಿಸಿ ಕಲ್ಲು ಹೊರಿಸಿ ಕೋಟೆ ಏರಿಸಬೇಕು, ಸೈನ್ಯ ಬೆಳೆಸಿ ಶತ್ರುವಿನ ಮೇಲೆ ಹೋಗಬೇಕು. ಕರೆಂಟು ಹೋದಾಗ ನಾನು ಅದನ್ನು ಆಡುತ್ತಿದ್ದೆ.

ಒಂದು ದಿನ ಹಿಂದಿನಿಂದ ಮಾಸ್ಟರ ದನಿ ಬಂತು. “ಆ ಈಟಿಯವ್ರನ್ನ ಯಾಕಮ್ಮಾ ಸುಮ್ನೆ ನಿಲ್ಸಿದ್ದೀಯ? ಆ ಮೂಲೇಲಿ ಕಾವಲೇ ಇಲ್ವಲ್ಲ!”

ಮರುದಿನ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಅದರ ಮರುದಿನ ನನ್ನ ನಿಧಾನ ಸಹಿಸಲಾಗದೆ “ಬಿಡು ಈಚೆ!” ಎಂದು ಮೌಸನ್ನೇ ಕಿತ್ತುಕೊಂಡರು. ಅವರ ನಲವತ್ತು ಸೈನಿಕರೂ ಶತ್ರುವನ್ನು ಬಿಟ್ಟು ಕಾಡಿಗೆ ನಡೆದುಹೋಗಿ ಮರಗಳ ನಡುವೆ ಸಿಕ್ಕಿಕೊಂಡರು. ನಾನು ನಕ್ಕೆ. ತಪ್ಪಾಯಿತೇನೋ ಎಂದುಕೊಳ್ಳುವಷ್ಟರಲ್ಲಿ ಮಾಸ್ಟರೂ ನಗುತ್ತಿದ್ದರು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು.

ಅಲ್ಲಿಂದ ಅದು ನಿತ್ಯದ ಕೆಲಸವಾಯಿತು. ಕೀಬೋರ್ಡ್ ನನ್ನದು, ಮೌಸ್ ಅವರದು. ಮಾಸ್ಟರು ಎರಡು ಕಟ್ಟಳೆ ಹಾಕಿದರು. ಕರೆಂಟು ಇದ್ದಾಗ ಆಟ ಮುಟ್ಟಬಾರದು. ಆಟವನ್ನು ಅರ್ಧಕ್ಕೆ ಉಳಿಸಿಟ್ಟು ಮಾರನೇ ದಿನ ಮುಂದುವರಿಸಲೂ ಬಾರದು. “ಇಪ್ಪತ್ತು ನಿಮಿಷದಲ್ಲಿ ಗೆದ್ರೆ ಗೆದ್ದಂಗೆ. ಇಟ್ಕೊಂಡು ಇಟ್ಕೊಂಡು ಗೆಲ್ಲೋದು ಯಾವ ಗಂಡಸ್ತನ?” ಎಂದರು. ಮತ್ತೆ ನನ್ನ ಮುಖ ನೋಡಿ, “ಹೆಂಗಸ್ತನಾನೂ ಅಲ್ಲ ಬಿಡು,” ಎಂದು ಸೇರಿಸಿದರು. ಎರಡು ತಿಂಗಳೊಳಗೆ ಅವರ ಕೈ ಪಳಗಿತು. ಕೋಟೆಯ ನಕ್ಷೆಯನ್ನು ಮನೆಯಲ್ಲೇ ಗ್ರಾಫ್ ಹಾಳೆಯ ಮೇಲೆ ಬರೆದು ತರುತ್ತಿದ್ದರು. ನೆಲದ ಯುದ್ಧದಲ್ಲಿ ನಮ್ಮನ್ನು ಸೋಲಿಸುವವರೇ ಇಲ್ಲವಾದರು. ಆದರೂ ಡಿಸೈನ್ ಸಾಫ್ಟ್‌ವೇರ್ ತೆಗೆದರೆ ಸಾಕು, ಕಿಟಕಿಯ ಕಡೆ ತಿರುಗಿಬಿಡುವರು. ಕೇಳಲು ನನಗೆ ಧೈರ್ಯ ಬರಲಿಲ್ಲ. ಹಬ್ಬ ಹತ್ತಿರವಾಗುತ್ತಿತ್ತು.

ಆಷಾಢದಲ್ಲಿ ಕಂಪ್ಯೂಟರಿನ ಹುಡುಗ ಏನೋ ರಿಪೇರಿಗೆ ಬಂದ. ಬ್ಯಾಗಿನಿಂದ ಒಂದು ಸಿಡಿ ತೆಗೆದ. “ಮೇಡಂ, ಇದು ಎಕ್ಸ್‌ಪ್ಯಾನ್ಷನ್. ಹಳೇ ಆಟದ ಮೇಲೇನೇ ಕೂರುತ್ತೆ. ಅದೇ ಸೈನ್ಯ, ಅದೇ ಕೋಟೆ, ಆದ್ರೆ ಇದ್ರಲ್ಲಿ ಸಮುದ್ರ ಇದೆ ಗುರು, ಸಮುದ್ರ! ಹಡಗು ಕಟ್ಬೋದು.”

ಮಾರನೇ ಮಧ್ಯಾಹ್ನ ನಮ್ಮ ನಕ್ಷೆಯ ಮುಕ್ಕಾಲು ಪಾಲು ನೀಲಿಯಾಗಿತ್ತು. ನಡುವೆ ಒಂದು ದ್ವೀಪ. ದ್ವೀಪದ ಮೇಲೆ ಶತ್ರುವಿನ ಕೋಟೆ. ಸೈನಿಕರನ್ನು ಹಡಗಿಗೆ ಹತ್ತಿಸಿ, ಶತ್ರುವಿನ ಹಡಗುಗಳ ನಡುವೆ ದಾರಿ ಮಾಡಿಕೊಂಡು, ಆ ದಡಕ್ಕೆ ಇಳಿಸಿ, ಅಲ್ಲಿ ಮತ್ತೆ ನೆಲದ ಯುದ್ಧ ಮಾಡಬೇಕು. ಮಾಸ್ಟರು ಸಮುದ್ರ ನೋಡಿದವರಲ್ಲ. ನಾನೂ ನೋಡಿರಲಿಲ್ಲ. ಹತ್ತು ದಿನ ನಮ್ಮ ಹಡಗುಗಳು ಸಾಲಾಗಿ ಮುಳುಗಿದವು. ದಡ ಸೇರುವುದಿರಲಿ, ಬಂದರಿನಿಂದ ಆಚೆಗೇ ಹೋಗುತ್ತಿರಲಿಲ್ಲ. ಒಂದಕ್ಕೊಂದು ತಗುಲಿಕೊಂಡು ಅಲ್ಲೇ ಸುತ್ತುತ್ತಿದ್ದವು. ಅಷ್ಟರಲ್ಲಿ ಯುಪಿಎಸ್ ಕೂಗಲು ಶುರು. ತೆರೆ ಕಪ್ಪು. ಮಾಸ್ಟರಿಗೆ ಊಟ ಸೇರುತ್ತಿರಲಿಲ್ಲ.

ಒಂದು ದಿನ ಊಟದ ಬಿಡುವಿನಲ್ಲಿ “ಬಾ ಅಮ್ಮಾಯಿ” ಎಂದು ನನ್ನನ್ನು ಊರಾಚೆಯ ಕೆರೆಗೆ ಕರೆದುಕೊಂಡು ಹೋದರು. ಮೊದಲ ಮಳೆಗೆ ನೀರು ಬಂದಿತ್ತು. ಒಬ್ಬ ಹರಿಗೋಲಿನಲ್ಲಿ ಕೂತು ಬಲೆ ಬಿಡುತ್ತಿದ್ದ. ಮಾಸ್ಟರು ಏರಿಯ ಮೇಲೆ ನಿಂತು ಇಡೀ ಕೆರೆಗೆ ಕೇಳುವಂತೆ ಕೂಗಿದರು. “ಏನಪ್ಪಾ! ಅದನ್ನ ತಿರುಗ್ಸೋದು ಹೆಂಗೆ?”

“ಹುಟ್ಟು ಹಾಕಿ ತಿರುಗ್ಸೋದು ಸಾರ್!”

“ಪಕ್ಕದಲ್ಲೇ ಇನ್ನೊಂದು ಇದ್ರೆ?”

“ಪಕ್ಕದಲ್ಲಿ ಯಾಕಿರ್ತದೆ? ತಿರುಗಕ್ಕೆ ಜಾಗ ಬ್ಯಾಡ್ವಾ? ಒತ್ತರಿಸ್ಕೊಂಡು ಹೋದ್ರೆ ಇಬ್ರೂ ಮುಳುಗ್ತೀವಿ!”

ಮಾಸ್ಟರು ಹಣೆ ಚಚ್ಚಿಕೊಂಡರು. ದಾರಿಯುದ್ದಕ್ಕೂ ಅದೇ ಮಾತು. “ಜನ್ಮ ಪೂರ್ತಿ ಎಳೆ ಪಕ್ಕ ಎಳೆ ಸೇರ್ಸಿದೋನು ಕಣಮ್ಮಾ ನಾನು. ಸಂದು ಬಿಟ್ರೆ ಸೀರೆ ಕೆಟ್ಟೋಯ್ತು ಅಂತ ಬೈಸ್ಕೊಂಡೋನು. ನೀರಲ್ಲಿ ಸಂದು ಬಿಡ್ಬೇಕು ಅಂತ ಯಾರ್ ಹೇಳ್ಕೊಟ್ರು ನಂಗೆ?” ಅಂದು ಸಂಜೆ ಹೊಸ ಹಾಳೆಯ ಮೇಲೆ ಆರು ಹಡಗು ಬರೆದರು, ಎರಡರ ನಡುವೆ ಐದೈದು ಚೌಕ ಖಾಲಿ ಬಿಟ್ಟು.

ಮೂರನೆಯ ದಿನ ಮಧ್ಯಾಹ್ನ ಕರೆಂಟು ಹೋಯಿತು. ಅಷ್ಟು ಹೊತ್ತಿಗೆ ನಮ್ಮ ಯುದ್ಧದ ಸುದ್ದಿ ಕೆಳಗೆಲ್ಲ ಹರಡಿತ್ತು. ನಾಲ್ಕೈದು ನೇಕಾರರು ಮೇಲೆ ಬಂದು ಬೆನ್ನ ಹಿಂದೆ ನಿಂತರು. ಹಡಗುಗಳು ಬಂದರಿನಿಂದ ಒಂದೊಂದಾಗಿ, ದೂರ ದೂರ, ಹಂಸಗಳ ಹಾಗೆ ಹೊರಟವು. ಎರಡು ಮುಳುಗಿದವು. ನಾಲ್ಕು ದಡ ಮುಟ್ಟಿದವು. “ಇಳೀರೋ! ಇಳೀರೋ ಲೇ!” ಎಂದು ಒಬ್ಬ ನೇಕಾರ ಸೈನಿಕರಿಗೆ ಕೂಗಿದ. ಯುಪಿಎಸ್ ಬೀಪ್ ಎನ್ನಲು ಶುರುಮಾಡಿತು. ನೆಲಕ್ಕಿಳಿದ ಮೇಲೆ ಮಾಸ್ಟರನ್ನು ಹಿಡಿಯುವವರುಂಟೆ? ಎಡಗಡೆಯಿಂದ ಈಟಿ, ಬಲಗಡೆಯಿಂದ ಕುದುರೆ. “ಅಮ್ಮಾಯಿ, ಆ ಹಡಗನ್ನ ತಿರುಗ್ಸಿ ಹಿಂದಿನ ಬಾಗ್ಲಿಗೆ ತಾ! ಬೇಗ!” ಬೀಪ್ ಸದ್ದು ಹತ್ತಿರ ಹತ್ತಿರವಾಯಿತು. ಕೋಟೆಯ ಗೋಡೆ ಉರುಳಿತು. ತೆರೆಯ ಮೇಲೆ ದೊಡ್ಡ ಅಕ್ಷರದಲ್ಲಿ ಗೆಲುವು ಎಂದು ಬಂತು. ನಾವೆಲ್ಲ ಒಟ್ಟಿಗೆ ಕೂಗಿದೆವು. ಆಮೇಲೆ ತೆರೆ ಆರಿತು.

ತಿರುಗಿ ನೋಡಿದರೆ ಬಾಗಿಲಲ್ಲಿ ಯಜಮಾನರು.

ನೇಕಾರರು ಗೋಡೆಗೆ ಅಂಟಿಕೊಂಡು ಮೆಟ್ಟಿಲಿಳಿದು ಮಾಯವಾದರು. ಮಾಸ್ಟರ ಕೈ ಇನ್ನೂ ಮೌಸಿನ ಮೇಲೇ ಇತ್ತು. ನನ್ನ ಕೆಲಸ ಹೋಯಿತು, ಅವರದೂ ಹೋಯಿತು ಎಂದುಕೊಂಡೆ. ಯಜಮಾನರು ಆ ಕೈಯನ್ನೇ ನೋಡುತ್ತಾ ನಿಂತಿದ್ದರು.

“ಮಾಸ್ಟ್ರೇ, ಮೌಸ್ ಹಿಡಿಯೋದು ಯಾವಾಗ ಕಲ್ತ್ರಿ?”

ಮಾಸ್ಟರು ಕಳ್ಳನಂತೆ ಕೈ ಹಿಂದಕ್ಕೆಳೆದುಕೊಂಡರು.

“ಅಲ್ಲಾ, ನಾನು ಹಿಂದೆ ನಿಂತು ಕಾಲು ಗಂಟೆ ಆಯ್ತು. ಆ ಕುದ್ರೆನ ಅಷ್ಟು ಸಣ್ಣ ಸಂದಲ್ಲಿ ನುಗ್ಸಿದ್ರಲ್ಲ... ಒಂದು ಅಂಚು ಬರೆಯೋಕೆ ಆಗಲ್ವಾ ನಿಮ್ಗೆ?” ಎಂದು ನಕ್ಕುಬಿಟ್ಟರು. ಹೋಗುವಾಗ ಮೆಟ್ಟಿಲಿನಿಂದಲೇ ಕೂಗಿ ಕೇಳಿದರು. “ಆ ಹಿಂದಿನ ಬಾಗ್ಲು ಇದೆ ಅಂತ ನಿಮ್ಗೆ ಹೆಂಗೆ ಗೊತ್ತಾಯ್ತು?”

ಮಾರನೇ ಬೆಳಿಗ್ಗೆ ಮಾಸ್ಟರು ನನಗಿಂತ ಮೊದಲೇ ಬಂದು ಕಂಪ್ಯೂಟರಿನ ಮುಂದೆ ಕೂತಿದ್ದರು. ನಾನು ಡಿಸೈನ್ ಸಾಫ್ಟ್‌ವೇರ್ ತೆರೆದೆ. ಬಿಳಿ ಚೌಕಗಳು ತೆರೆಯ ತುಂಬ ಹರಡಿಕೊಂಡವು. “ಇದು ನನ್ ಗ್ರಾಫೇ ಅಲ್ವೇನಮ್ಮಾ! ಇಷ್ಟು ದಿನ ಯಾಕೆ ತೋರಿಸ್ಲಿಲ್ಲ?” ಎಂದು ಗದರಿದರು. ಮೊದಲ ದಿನವೇ ತೋರಿಸಿದ್ದೆ.

ನಾಲ್ಕು ಚೌಕ ತುಂಬಿದ ಮೇಲೆ, ತೆರೆಯಿಂದ ಕಣ್ಣು ತೆಗೆಯದೆ, ಅವರ ಮಟ್ಟಿಗೆ ಮೆಲ್ಲಗೆ ಎನ್ನಬಹುದಾದ ದನಿಯಲ್ಲಿ ಹೇಳಿದರು. “ಯಜಮಾನ್ರು ಅವತ್ತು ನಿಂಗೆ ಹೇಳಿದ್ದು ನಂಗೆ ಗೊತ್ತಿತ್ತು. ಮಗ್ಗದ ಮಧ್ಯೆ ನಿಂತು ಗುಟ್ಟು ಹೇಳಿದ್ರೆ ಕೂಗೇ ಹೇಳ್ಬೇಕಲ್ಲಮ್ಮಾ. ಮೇಲೆ ನಂಗೆ ಸ್ಪಷ್ಟವಾಗಿ ಕೇಳಿಸ್ತು. ನೀನು ಮುಖ ಸಣ್ಣ ಮಾಡ್ಕೊಂಡು ಬಂದು ಹುರಿಗಡ್ಲೆ ತಿನ್ನೋಕೆ ಒದ್ದಾಡಿದ್ದೂ ನೋಡ್ದೆ. ಈ ಹುಡ್ಗಿ ನನ್ ಕುರ್ಚಿ ಕಿತ್ಕೊಳೋಳಲ್ಲ ಅಂತ ಅವತ್ತೇ ಗೊತ್ತಾಯ್ತು.”

ನಾನು ಅವರ ಡಬ್ಬಿಗೆ ಕೈ ಹಾಕಿ ಒಂದು ಹಿಡಿ ಹುರಿಗಡಲೆ ತೆಗೆದುಕೊಂಡೆ. ಕೆಳಗೆ ಮಗ್ಗಗಳು ಬಡಿಯುತ್ತಿದ್ದವು...

ಅವರು ಮೌಸಿನಲ್ಲಿ ಬರೆದ ಮೊದಲ ಅಂಚು ಹಡಗಿನದು. ಪುಟ್ಟ ಪುಟ್ಟ ಹಾಯಿ ಹಡಗು, ನಡುವೆ ಬೇಕಾದಷ್ಟು ನೀರು. “ಹಡಗಿನ ಸೀರೆ ಯಾರ್ ಉಡ್ತಾರೆ ಮಾಸ್ಟ್ರೇ?” ಎಂದು ಯಜಮಾನರು ತಲೆ ಕೆರೆದುಕೊಂಡರು. ಯಜಮಾನರ ಹೆಂಡತಿಯೇ ಉಟ್ಟರು. ಗೌರಿ ಹಬ್ಬಕ್ಕೆ ಬಾಗಿನ ಕೊಡಲು ಹೋದ ಮನೆಗಳಲ್ಲೆಲ್ಲ ಹೆಂಗಸರು ಸೆರಗು ಹಿಡಿದು ನೋಡಿದರಂತೆ. ಅಲ್ಲಿಂದ ದೀಪಾವಳಿಯವರೆಗೂ ಐದು ಮಗ್ಗಗಳು ಬರೀ ಹಡಗು ನೇಯ್ದವು. ಕೆಂಪಿನ ಮೇಲೆ, ಹಸಿರಿನ ಮೇಲೆ, ಎಲೆ ಅಡಿಕೆ ಬಣ್ಣದ ಮೇಲೆ. ಸಮುದ್ರ ಕಾಣದ ನಮ್ಮೂರಿನಿಂದ ಅಷ್ಟು ಹಡಗುಗಳು ಹೊರಟವು. “ಒಂದ್ಸಲ ನಿಜವಾದ ಸಮುದ್ರ ನೋಡ್ಕೊಂಡ್ ಬನ್ನಿ ಮಾಸ್ಟ್ರೇ,” ಎಂದರೆ, “ಅಲ್ಲಿ ಹೋಗಿ ಸುಮ್ನೆ ನಿಂತ್ಕೊಂಡು ಏನ್ ಮಾಡ್ಲಿ?” ಎನ್ನುತ್ತಿದ್ದರು.

ಕೆಟ್ಟುಹೋದ ಆ ಮೌಸಿನ ಗುಂಡನ್ನು ಚೀಲದಲ್ಲಿ ಹಾಕಿಕೊಂಡು, ನಾನು ಮದುವೆಯಾಗಿ ನೆಲಮಂಗಲದ ಕಡೆ ಬಂದೆ. ಮಾಸ್ಟರು ಕಣ್ಣಿನ ಪೊರೆ ಬರುವವರೆಗೂ ಆ ಕುರ್ಚಿಯಲ್ಲೇ ಕೂತು ಬರೆದರು. ಆಗಾಗ ಫೋನು ಮಾಡುತ್ತಿದ್ದರು. ಫೋನನ್ನು ಕಿವಿಯಿಂದ ಒಂದು ಅಡಿ ದೂರ ಹಿಡಿದು ಕೇಳಬೇಕಿತ್ತು. ಆಮೇಲೆ ಸಂಸಾರ, ಕೆಲಸ, ಮಕ್ಕಳ ಶಾಲೆ... ನಾನೇ ಮಾಡುವುದು ಕಡಿಮೆಯಾಯಿತು. ಹೋದ ವರ್ಷ ಅವರು ಹೋದ ಸುದ್ದಿ ಬಂದಾಗ ಎಂಟು ದಿನ ಕಳೆದಿತ್ತು. ಹನ್ನೊಂದನೆಯ ದಿನದ ಕಾರ್ಯಕ್ಕೆ ಹೋದೆ.

ಅವರ ಹೆಂಡತಿಯನ್ನು ನಾನು ನೋಡಿದ್ದು ಅಂದೇ ಮೊದಲು. ಹೆಸರು ಹೇಳುವ ಮೊದಲೇ ಕೈ ಹಿಡಿದುಕೊಂಡು “ನೀನೇನಾ ಅಮ್ಮಾಯಿ?” ಎಂದರು. ಪಕ್ಕದಲ್ಲಿ ಕೂರಿಸಿಕೊಂಡರು. ಆಮೇಲೆ ಕೇಳಿದರು. “ಒಂದು ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡ. ಆಗೆಲ್ಲ ದಿನಾ ಸಾಯಂಕಾಲ ಬಂದು ‘ಇವತ್ತು ಸೋತ್ವಿ ಕಣೇ’ ಅನ್ನೋರು, ‘ಇವತ್ತು ಗೆದ್ವಿ’ ಅನ್ನೋರು. ಒಂದಿನ ಓಡ್ಕೊಂಡ್ ಬಂದು ‘ದೀಪ ಹಿಡಿದ್ವಿ, ದೀಪ ಹಿಡಿದ್ವಿ’ ಅಂದ್ರು. ದೀಪ ಅಂತ ಯಾವ್ದೋ ದೊಡ್ಡ ಸೀರೆ ಅಂಗಡಿ ಆರ್ಡರ್ ಸಿಕ್ತು ಅಂದ್ಕೊಂಡು ನಾನು ಗಸಗಸೆ ಪಾಯಸ ಮಾಡ್ದೆ. ಎರಡು ಲೋಟ ಕುಡಿದ್ರು. ಆ ಅಂಗಡಿ ಎಲ್ಲಿದೆಯಮ್ಮಾ?”

ನಾನು ಹೇಳಿದೆ. ಅದು ದೀಪವಲ್ಲ, ದ್ವೀಪ. ಅಂಗಡಿಯಲ್ಲ, ಆಟ. ಹಡಗು, ಈಟಿ, ಕುದುರೆ, ಹಿಂದಿನ ಬಾಗಿಲು, ಎಲ್ಲ ಹೇಳಿದೆ. ಅವರು ಬಾಯಿಗೆ ಸೆರಗು ಅಡ್ಡ ಹಿಡಿದು ಕೇಳುತ್ತಾ ಕೇಳುತ್ತಾ ಭುಜ ಕುಲುಕಿಸತೊಡಗಿದರು. ಅಳುತ್ತಿದ್ದಾರೆಂದು ಎದುರಿಗಿದ್ದ ಹೆಂಗಸರು ಎದ್ದು ಬಂದರು. ಸೆರಗು ಸರಿದಾಗ ಕಂಡದ್ದು ನಗು. “ಪಾಯಸ ಕುಡೀವಾಗ್ಲಾದ್ರೂ ಹೇಳ್ಬಾರ್ದಿತ್ತಾ ಈ ಮನುಷ್ಯ!” ಎಂದು ಗೋಡೆಯ ಮೇಲಿನ ಫೋಟೋಗೆ ಬೈದರು. ಸಾವಿನ ಮನೆಯಲ್ಲಿ ನಾವಿಬ್ಬರೂ ಹಾಗೆ ನಕ್ಕೆವು, ಕಣ್ಣಲ್ಲಿ ನೀರು ಸುರಿಯುವಷ್ಟು.

ಈಗಲೂ ನಾನು ಅಂಚು ಬರೆಯುತ್ತೇನೆ, ಮನೆಯಲ್ಲೇ ಕೂತು, ದೊಡ್ಡ ತೆರೆಯ ಮೇಲೆ. ಎಷ್ಟೋ ಸಲ ಒಂದು ಒಳ್ಳೆಯ ಸೆರಗು ಮೂಡಿದಾಗ ಫೋನು ಕೈಗೆ ಬರುತ್ತದೆ, ಅವರ ನಂಬರು ಹುಡುಕಿರುತ್ತೇನೆ. ಆಮೇಲೆ ನೆನಪಾಗುತ್ತದೆ. ಮನೆ ತುಂಬ ಶಾಂತವಾಗಿದೆ. ಯಾರಾದರೂ ಒಂದಿಷ್ಟು ಗಟ್ಟಿಯಾಗಿ ಮಾತಾಡಬಾರದೇ ಅನಿಸುತ್ತದೆ.