ಅಕ್ಕನ ಬಾಟಲಿ ಹಳದಿಯಾದ ರಾತ್ರಿ

ನಂಬುವವರು ನಂಬಲಿ, ಬಿಡುವವರು ಬಿಡಲಿ. ಹಗ್ಗ ಕಂಡು ಹಾವೆಂದು ಓಡುವ ಪೈಕಿ ನಾನಲ್ಲ. ಮುಂಬಯಿಯ ಒಂದು ಕ್ಯಾನ್ಸರ್ ಪ್ರಯೋಗಾಲಯದಲ್ಲಿ ಅರ್ಧ ಆಯುಷ್ಯ ಕಳೆದವನು ನಾನು. ಕಣ್ಣಿಗೆ ಕಂಡದ್ದನ್ನು ಕಂಡ ಹಾಗೆ ವಹಿಗೆ ಇಳಿಸುವುದೇ ನನ್ನ ಕೆಲಸವಾಗಿತ್ತು. ಆದರೆ ವಿಜಾಪುರ ಕಡೆಯ ಮಸೂತಿ ಎಂಬ ಹಳ್ಳಿಯ ನಮ್ಮ ಮನೆಯಲ್ಲಿ ಆ ಒಂದು ರಾತ್ರಿ ಕಂಡದ್ದನ್ನು ಮಾತ್ರ ಇಲ್ಲಿಯತನಕ ಎಲ್ಲೂ ಬರೆದಿರಲಿಲ್ಲ...

ಅರವತ್ತರ ದಶಕದ ಮೊದಲ ವರ್ಷಗಳು. ನನ್ನ ಅಕ್ಕ ಕಾಶೀಂಬಿ ಗಂಡ ತೀರಿದ ಮೇಲೆ ಮಸೂತಿಯಲ್ಲಿ ಅವ್ವನ ಜೊತೆಗಿದ್ದಳು. ಎದೆಯಲ್ಲಿ ಎದ್ದ ಗಂಟನ್ನು ನಾಚಿಕೆಗೆ ಯಾರಿಗೂ ಹೇಳದೆ ವರ್ಷಗಟ್ಟಲೆ ಸೆರಗಿನಲ್ಲಿ ಮುಚ್ಚಿಟ್ಟಳು. ಗೊತ್ತಾದಾಗ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬೈದುಕೊಂಡೇ ಮುಂಬಯಿಗೆ ಕರೆದೊಯ್ದು ಆಪರೇಷನ್ ಮಾಡಿಸಿದೆ. ಎಡ ಎದೆಯನ್ನು ಪೂರ್ತಿ ತೆಗೆದರು.

ತೆಗೆದ ಗಂಟಿನ ಒಂದು ಚೂರು ನಮ್ಮ ಪ್ರಯೋಗಾಲಯಕ್ಕೆ ಬಂತು. ಹೆಸರಿನ ಚೀಟಿ ಕಿತ್ತು ನಂಬರು ಅಂಟಿಸಿದವನು ನಾನೇ. ಪ್ರಯೋಗಾಲಯದ ಮುಖ್ಯಸ್ಥೆ, ನಾವೆಲ್ಲ ಡಾಕ್ಟರ್ ಬಾಯಿ ಎಂದು ಕರೆಯುತ್ತಿದ್ದ ಮರಾಠಿ ಹೆಂಗಸು, ಅದನ್ನು ಸಣ್ಣಗೆ ಬಿಡಿಸಿ, ಚಪ್ಪಟೆ ಗಾಜಿನ ಬಾಟಲಿಗಳಲ್ಲಿ ಕೆಂಪು ದ್ರವದೊಳಗೆ ಹಾಕಿ, ಮೈಯಷ್ಟೇ ಬೆಚ್ಚಗಿರುವ ಪೆಟ್ಟಿಗೆಯಲ್ಲಿಟ್ಟರು. ಇಂಥವು ಬಹುತೇಕ ಕೆಲವೇ ದಿನಗಳಲ್ಲಿ ಸಾಯುತ್ತವೆ. ಅಕ್ಕನವು ಸಾಯಲಿಲ್ಲ, ಬೆಳೆದವು.

ಆ ಕೆಂಪು ದ್ರವದಲ್ಲಿ ಸಕ್ಕರೆ ಇರುತ್ತದೆ. ಜೀವಕೋಶಗಳು ಸಕ್ಕರೆ ತಿಂದು ಹುಳಿ ಬಿಡುತ್ತವೆ, ಹುಳಿ ಹೆಚ್ಚಿದಂತೆ ಕೆಂಪು ಹೋಗಿ ಹಳದಿಯಾಗುತ್ತದೆ. ಹಳದಿ ಕಂಡರೆ ಅವು ಉಂಡಿವೆ ಎಂದು ತಿಳಿಯಬೇಕು. ಬಾಯಿಯವರು ಕೆಲವು ಬಾಟಲಿಗೆ ಕ್ಯಾನ್ಸರ್ ಸುಡುವ ಕಿರಣ ಹಾಯಿಸಿ, ಕೆಲವನ್ನು ಹಾಗೇ ಬಿಟ್ಟು, ಯಾವುದು ಎಷ್ಟು ತಿನ್ನುತ್ತದೆಂದು ಪರೀಕ್ಷೆ ಮಾಡುತ್ತಿದ್ದರು. ಅಳೆಯುವ ಕೈ ನನ್ನದು. ಕಿರಣ ತಾಗಿದ ಕೋಶಗಳು ಒಂದು ಎರಡಾಗುವುದನ್ನು ಬಿಟ್ಟವು. ಆದರೆ ಸಾಯಲೂ ಇಲ್ಲ... ಒಂದೊಂದೂ ಊದಿಕೊಂಡು, ಗಾಜಿಗೆ ಅಂಟಿಕೊಂಡು, ತಿನ್ನುತ್ತಲೇ ಇದ್ದವು.

"ವಂಶ ನಿಂತಿದೆ, ಹಸಿವು ನಿಂತಿಲ್ಲ ನೋಡು" ಎಂದು ಬಾಯಿಯವರು ಮರಾಠಿಯಲ್ಲಿ ಹೇಳಿ ನಕ್ಕರು. ಅದು ಯಾರದೆಂದು ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಅಕ್ಕನಿಗೂ ಕಿರಣ ಕೊಟ್ಟರು. ನಮ್ಮ ಕಡೆ ಅದಕ್ಕೆ ಕರೆಂಟ್ ಕೊಡುವುದು ಅನ್ನುತ್ತಾರೆ. ಊರಿಗೆ ಮರಳಿ ಆರು ತಿಂಗಳಿಗೆ ರೋಗ ಎಲುಬಿಗೆ ಇಳಿಯಿತು. ನಾನು ನೋಡಲು ಹೋದಾಗ ಕೈ ಹಿಡಿದು ಕೇಳಿದಳು.

"ಹುಸೇನಾ, ನನ್ನ ಕೊಯ್ದ ತುಂಡ ಏನ್ ಮಾಡ್ಯಾರೋ?"

"ಬಾಟ್ಲಿಯೊಳಗ ಇಟ್ಟಾರ ಅಕ್ಕಾ."

"ತಂದ್ ಬಿಡು. ನನ್ನ ಜೋಡಿ ಮಣ್ಣಿಗೆ ಹೋಗ್ಲಿ. ಎಲ್ಲಾ ತರ್ಬೇಕ್ ನೋಡು, ಒಂದು ಚೂರೂ ಮ್ಯಾಲ ಉಳೀಬಾರ್ದು. ಅರ್ಧಾ ಹೋದಾಕಿಗೆ ಅಲ್ಲಿ ನಿದ್ದಿ ಹತ್ತೂದಿಲ್ಲ."

ನಮ್ಮಲ್ಲಿ ಮೈಯಿಂದ ಬೇರೆಯಾದದ್ದನ್ನೂ ಮಣ್ಣಿಗೇ ಕೊಡಬೇಕು. ಅವಳು ಕೇಳಿದ್ದರಲ್ಲಿ ತಪ್ಪೇನಿತ್ತು? "ತರ್ತೇನಿ ಅಕ್ಕಾ, ನಿನ್ನಾಣಿ" ಎಂದೆ. ಆದರೆ ಅದಿನ್ನೂ ಬದುಕಿದೆ, ದಿನಾ ಉಣ್ಣುತ್ತದೆ ಎಂದು ಹೇಳಲು ನಾಲಿಗೆ ಏಳಲಿಲ್ಲ.

ಮುಂಬಯಿಯಲ್ಲಿ ಆಗ ಉಳಿದಿದ್ದವು ಎರಡೇ ಬಾಟಲಿ. ಕಿರಣ ತಾಗಿದ್ದೊಂದು, ತಾಗದ್ದೊಂದು. ಕಿರಣ ತಾಗಿದ್ದರ ಕೆಲಸ ಮುಗಿದಿತ್ತು. ಇನ್ನೊಂದರ ಮೇಲೆ ಬಾಯಿಯವರ ಜೀವವೇ ಇತ್ತು, ಮುಟ್ಟಿದರೆ ನನ್ನ ನೌಕರಿ ಹೋಗುತ್ತಿತ್ತು. ಬೇಸಿಗೆಯಲ್ಲಿ "ಅಕೀ ಉಳಿಯೂದಿಲ್ಲ, ಲಗೂನ ಬಾ" ಎಂದು ಅವ್ವ ಬರೆಸಿದ ಕಾಗದ ಬಂತು. ಮೊದಲನೆಯದಕ್ಕೆ ಹೊಸ ಕೆಂಪು ದ್ರವ ಹಾಕಿ, ಬಿಗಿಯಾಗಿ ಬಿರಡೆ ಜಡಿದು, ಕದ್ದು ತಂದೆ. ಎರಡನೆಯದನ್ನು ಅಲ್ಲೇ ಬಿಟ್ಟೆ.

ಹೂಳುವುದಕ್ಕೇ ಒಯ್ಯುವಾಗ ಹೊಸ ದ್ರವ ಯಾಕೆ ಹಾಕಿದೆ? ಅದನ್ನು ಅಂಗಿಯೊಳಗೆ ಹೊಟ್ಟೆಗೆ ಕಟ್ಟಿಕೊಂಡು ಎರಡು ದಿನ ಬೆಚ್ಚಗೆ ಯಾಕೆ ಕಾಪಾಡಿದೆ? ನನಗೇ ಗೊತ್ತಿಲ್ಲ. ವಿಜಾಪುರದಲ್ಲಿ ರೈಲು ಇಳಿದು, ಮನಗೂಳಿಯವರೆಗೆ ಬಸ್ಸು ಹಿಡಿದು, ಮುಂದೆ ಸಿಕ್ಕ ಬಂಡಿ ಹತ್ತಿ ಮನೆ ಮುಟ್ಟಿದಾಗ ಕತ್ತಲಾಗಿತ್ತು.

ಅಕ್ಕ ಬದುಕಿದ್ದಳು. ಹೊರಸಿನ ಮೇಲೆ ಒಂದು ಹಿಡಿಯಷ್ಟಾಗಿದ್ದಳು. ಮೂರು ದಿನದಿಂದ ಗಂಟಲಲ್ಲಿ ಒಂದು ಕಾಳೂ ಇಳಿದಿಲ್ಲ ಎಂದು ಅವ್ವ ಕಣ್ಣು ಒರೆಸಿಕೊಂಡಳು.

ಒಳಗೆ ಹೋಗಿ ಕಂದೀಲಿನ ಬೆಳಕಿಗೆ ಬಾಟಲಿ ಹಿಡಿದು ನೋಡಿದೆ. ದ್ರವ ಹಾಕಿದಾಗ ಇದ್ದಷ್ಟೇ ಕೆಂಪು. ಎರಡು ದಿನ ಮೈಶಾಖದಲ್ಲಿದ್ದೂ ಏನೂ ತಿಂದಿಲ್ಲ... ಅಂದರೆ ದಾರಿಯಲ್ಲೇ ಸತ್ತಿವೆ. ಸದ್ಯ, ಜೀವ ಇರುವುದನ್ನು ಹೂಳುವ ಪಾಪ ತಪ್ಪಿತು ಎಂದುಕೊಂಡೆ. ಬಾಟಲಿಯನ್ನು ಅಕ್ಕನ ತಲೆಗಡೆಯ ಗೋಡೆಯ ಗೂಡಿನಲ್ಲಿ, ಕಂದೀಲಿನ ಪಕ್ಕದಲ್ಲಿಟ್ಟೆ.

ಮಧ್ಯರಾತ್ರಿ ಇರಬೇಕು. ಒಂದು ಎಲೆಯೂ ಅಲುಗುತ್ತಿರಲಿಲ್ಲ. ಅಕ್ಕನ ತುಟಿ ಅಲುಗಿತು.

"ಅವ್ವಾ... ಸಕ್ಕರಿ..."

ಅವ್ವನಿಗೆ ಹೋದ ಜೀವ ಬಂದಂತಾಯಿತು. ಹಬ್ಬಕ್ಕೆಂದು ಎತ್ತಿಟ್ಟಿದ್ದ ಸಕ್ಕರೆ ತೆಗೆದು ಹಿತ್ತಾಳೆ ಬಟ್ಟಲಲ್ಲಿ ನೀರಿಗೆ ಕದಡಿದಳು. ಚಮಚ ಬಟ್ಟಲಿಗೆ ತಾಗುವ ಸದ್ದು... ಟಿಣ್... ಟಿಣ್. ಹನಿಹನಿಯಾಗಿ ಬಾಯಿಗೆ ಬಿಟ್ಟಳು. ಅಕ್ಕ ಗುಟುಕರಿಸಿದಳು.

ಅದೇ ಹೊತ್ತಿಗೆ ಒಂದು ವಾಸನೆ ಮೂಗಿಗೆ ಬಡಿಯಿತು. ಬೆಚ್ಚನೆಯ, ಸಿಹಿ ಬೆರೆತ, ಹಸಿ ರಕ್ತದಂಥ ವಾಸನೆ. ದಿನಾ ಮುಂಜಾನೆ ನಮ್ಮ ಬಿಸಿ ಪೆಟ್ಟಿಗೆಯ ಬಾಗಿಲು ತೆರೆದಾಗ ಬರುವ ವಾಸನೆ ಅದು. ಮಸೂತಿಯ ಮಣ್ಣಿನ ಮನೆಯಲ್ಲಿ ಅದಕ್ಕೇನು ಕೆಲಸ?

ತಲೆ ಎತ್ತಿದೆ. ಗೂಡಿನಲ್ಲಿದ್ದ ಬಾಟಲಿ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು.

ಕಂದೀಲಿನ ಆಟ ಇರಬೇಕೆಂದು ಕಂದೀಲನ್ನು ಕೆಳಗಿಳಿಸಿ ನೋಡಿದೆ. ಕಿತ್ತಳೆಯೇ. ಅವ್ವ ಇನ್ನೊಂದು ಚಮಚ ಬಿಟ್ಟಳು. ಟಿಣ್... ನನ್ನ ಕಣ್ಣೆದುರಿಗೇ ಬಾಟಲಿಯ ತಳದಿಂದ ಹಳದಿ ಮೇಲೇರಿತು. ಪ್ರಯೋಗಾಲಯದಲ್ಲಿ ಇದಕ್ಕೆ ಎರಡು-ಮೂರು ದಿನ ಬೇಕು.

ಅಕ್ಕ ಮುಖ ಕಿವುಚಿದಳು.

"ಸಿಹಿ ಇಲ್ಲವ್ವಾ..."

"ನಾಕ್ ಚಮಚಾ ಹಾಕೇನಿ ನನ್ನವ್ವಾ, ಕುಡಿ."

"ಸಿಹಿ ಇಲ್ಲ... ನನಗಿಂತ ಮೊದ್ಲ ಯಾರೋ ಕುಡ್ಯಾಕತ್ತಾರ..."

ಅವ್ವ ಬಟ್ಟಲನ್ನು ತನ್ನ ಬಾಯಿಗೆ ಹಚ್ಚಿ ನೋಡಿದಳು. ನನ್ನ ಕಡೆ ತಿರುಗಿದಳು.

"ಹುಸೇನಾ, ಇದು ಬರೇ ನೀರೋ. ಸಕ್ಕರಿ ಹಾಕಿದ್ದು ನೀ ನೋಡೀಯಲ್ಲ?"

ನೋಡಿದ್ದೆ. ಅವಳ ಕೈಯಿಂದ ಬಟ್ಟಲು ಕಸಿದು ನಾನೂ ಕುಡಿದೆ. ಬಾವಿಯ ಸಪ್ಪೆ ನೀರು. ಎದ್ದು ಹೋಗಿ ಆ ಬಾಟಲಿಯನ್ನು ಹೊರಗೆ ಕಲ್ಲಿಗೆ ಬಡಿಯಬೇಕೆನಿಸಿತು. ಕೈ ಚಾಚಿದೆ. ಗಾಜು ಸುಡುತ್ತಿತ್ತು, ಜ್ವರ ಬಂದವರ ಹಣೆಯ ಹಾಗೆ. ಒಡೆಯಲು ನನ್ನಿಂದ ಆಗಲಿಲ್ಲ. ಅದೂ ನಮ್ಮ ಅಕ್ಕನೇ ಅಲ್ಲವೇ?

"ಹಸಿವ್ಯವ್ವಾ" ಎಂದಳು ಅಕ್ಕ. ಆಮೇಲೆ ಮಾತಿಲ್ಲ. ಕೋಳಿ ಕೂಗುವ ಹೊತ್ತಿಗೆ ಅವಳ ಉಸಿರು ನಿಂತಿತು. ಗಂಟಲಿಗೆ ಒಂದು ಹನಿ ಸಿಹಿಯೂ ಇಳಿಯದೆ ಹೋದಳಲ್ಲ, ಆ ಸಂಕಟ ನನಗೆ ಇವತ್ತಿಗೂ ಆರಿಲ್ಲ.

ಬಾಟಲಿ ಅಷ್ಟೊತ್ತಿಗೆ ಲಿಂಬಿಹಣ್ಣಿನ ಹಳದಿಯಾಗಿತ್ತು.

ಖಬರಸ್ತಾನದಲ್ಲಿ, ಬಾಟಲಿಗೆ ಬಿಳಿ ಅರಿವೆ ಸುತ್ತಿ ನಾನು ತಂದ ಗಂಟನ್ನು ಕಂಡು ಮುಲ್ಲಾ ಕಾಕಾ ಏನೆಂದು ಕೇಳಿದರು. "ದವಾಖಾನ್ಯಾಗ ತಗದಿದ್ದು ಕಾಕಾ" ಎಂದೆ. "ಇಡಪಾ. ಅಕೀದು ಅಕೀ ಜೋಡಿ ಇರ್ಲಿ" ಎಂದರು. ಅಕ್ಕನ ಎಡಮಗ್ಗುಲಿಗೆ ಇಟ್ಟೆ. ಅರಿವೆಯ ಮೇಲಿಂದಲೂ ಅದು ಬೆಚ್ಚಗಿತ್ತು. ಮೇಲೆ ಮಣ್ಣು ಬಿತ್ತು.

ಮುಂಬಯಿಗೆ ಮರಳಿ ನೋಡಿದರೆ ಅಲ್ಲಿ ಬಿಟ್ಟು ಬಂದಿದ್ದ ಒಂದು ಬಾಟಲಿ ನಾಲ್ಕಾಗಿತ್ತು. ಬಾಯಿಯವರು ಕುಣಿಯುವುದೊಂದು ಬಾಕಿ. ಎರಡನ್ನು ಆಗಲೇ ಬೇರೆ ಊರಿನ ಪ್ರಯೋಗಾಲಯಕ್ಕೆ ಕೊಟ್ಟುಬಿಟ್ಟಿದ್ದರು. ಅಲ್ಲಿಂದ ಮತ್ತೆಲ್ಲಿಗೆ ಹೋದವೋ... ನನ್ನ ಕೈ ಮೀರಿತ್ತು.

ಅಕ್ಕ ತೀರಿದ ನಲವತ್ತನೆಯ ದಿನದ ಕಾರ್ಯಕ್ಕೆ ಊರಿಗೆ ಹೋದೆ. ಗೂಡಿನಲ್ಲಿ ಅದೇ ಹಿತ್ತಾಳೆ ಬಟ್ಟಲು, ತುಂಬ ನೀರು.

"ದಿನಾ ರಾತ್ರಿ ಸಕ್ಕರಿ ಬೇಡ್ತಾಳೋ" ಎಂದಳು ಅವ್ವ, ಪಿಸುದನಿಯಲ್ಲಿ. "ತಲಿಗಡೆ ಬಂದು ಅವ್ವಾ ಅಂತಾಳ. ಕದಡಿ ಇಡ್ತೇನಿ. ಮುಂಜಾನೆದ್ದು ನೋಡಿದ್ರ ಬಟ್ಟಲ ತುಂಬೇ ಇರ್ತೈತಿ. ಆದ್ರ ಒಂದು ಇರುವಿ ಸುಳ್ಯಾಂಗಿಲ್ಲ. ಸಕ್ಕರಿ ನೀರಿಗೆ ಇರುವಿ ಹತ್ಬೇಕಿಲ್ಲೋ?"

ನಾನು ಬಟ್ಟಲಿನೊಳಗೆ ಬಗ್ಗಿ ನೋಡಿದೆ.

"ಖರೇ ಹೇಳು ಹುಸೇನಾ. ಅಕೀದು ಎಲ್ಲಾ ತಂದೀಯಲ್ಲೋ? ಮ್ಯಾಲ ಏನೂ ಉಳಿದಿಲ್ಲಲ್ಲ?"

"ಎಲ್ಲಾ ತಂದೇನವ್ವಾ" ಎಂದೆ.

ಅವ್ವ ನನ್ನ ಮುಖ ನೋಡಿದಳು. ಆಮೇಲೆ ಎದ್ದು ಬಟ್ಟಲಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿದಳು. ಸಾಯುವವರೆಗೂ ಮತ್ತೆ ಆ ಮಾತು ಎತ್ತಲಿಲ್ಲ.

ಈಗ ಅವ್ವನೂ ಇಲ್ಲ. ನೌಕರಿ ಮುಗಿಸಿ ನಾನು ಮಸೂತಿಗೇ ಬಂದಿದ್ದೇನೆ. ಆ ರಾತ್ರಿ ಕಂಡದ್ದಕ್ಕೆ ಕಾರಣ ಹುಡುಕಿ ಹುಡುಕಿ ಸೋತಿದ್ದೇನೆ. ಬಲ್ಲವರು ಯಾರಾದರೂ ಇದ್ದರೆ ಹೇಳಲಿ, ಕಾಲು ಹಿಡಿಯುತ್ತೇನೆ. ಅಕ್ಕನ ಉಳಿದ ಕೋಶಗಳು ಯಾವ ಊರಿನಲ್ಲಿ, ಯಾವ ಪೆಟ್ಟಿಗೆಯಲ್ಲಿ ಇನ್ನೂ ಉಣ್ಣುತ್ತಿವೆಯೋ ನನಗೆ ತಿಳಿಯದು. ರಾತ್ರಿ ಸಕ್ಕರೆ ಕದಡಿ ಬಟ್ಟಲು ಇಡುವವನು ಈಗ ನಾನು. ಬಾಯಿಗೆ ಹಚ್ಚಿ ನೋಡುವ ಧೈರ್ಯ ಮಾತ್ರ ಬಂದಿಲ್ಲ. ಮುಂಜಾನೆ ಅಂಗಳದ ಬೇವಿನ ಬುಡಕ್ಕೆ ಚೆಲ್ಲಿ, ಕಟ್ಟೆಯ ಮೇಲೆ ಕೂತು ಕಾಯುತ್ತೇನೆ. ಬಿಸಿಲೇರುವವರೆಗೆ ಕಾಯುತ್ತೇನೆ. ಇವತ್ತೂ ಒಂದು ಇರುವೆಯೂ ಬರಲಿಲ್ಲ.