ಬೇರೆ ಯಾರ ಕಾಲಿಗೂ ಆಗದ ಶೂ

ನಮ್ಮ ಮನೆಯ ಬಾಗಿಲಲ್ಲಿ ಬಿಟ್ಟ ಚಪ್ಪಲಿಗೆ ಒಡೆಯರಿಲ್ಲ. ಹೊರಗೆ ಹೋಗುವವರು ಹೊಸಿಲ ಮೇಲೆ ನಿಂತು ಕಾಲನ್ನು ಕೆಳಗೆ ಬಿಡುತ್ತಾರೆ, ಸಿಕ್ಕಿದ್ದರಲ್ಲಿ ತೂರಿಸುತ್ತಾರೆ, ಹೊರಡುತ್ತಾರೆ. ಬಗ್ಗಿ ನೋಡುವ ಪದ್ಧತಿಯೇ ಇಲ್ಲ. ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುವ ಮನೆ ನಮ್ಮದು. ಬೆಳಗಿನಿಂದ ಸಂಜೆಯವರೆಗೆ ಮಗ್ಗದ ಗುಂಡಿಯಲ್ಲಿ ಬರಿಗಾಲು ಇಳಿಬಿಟ್ಟು ಹಲಗೆ ತುಳಿಯುವವರಿಗೆ ಚಪ್ಪಲಿ ಬೇಕಾಗುವುದು ಹಾಲಿಗೋ ಎಲೆ ಅಡಿಕೆಗೋ ಹೋಗುವಾಗ ಮಾತ್ರ. ಅಷ್ಟಕ್ಕೆ ನನ್ನದು ನಿನ್ನದು ಅನ್ನುವುದು ಇವರಿಗೆಲ್ಲ ಸಣ್ಣತನವಾಗಿ ಕಾಣುತ್ತದೆ. ಒಳಗೆ ಬಚ್ಚಿಡೋಣವೆಂದರೆ ಬಾಗಿಲು ದಾಟಿದ ಕೂಡಲೇ ಮಗ್ಗ. ಮಗ್ಗ ಇರುವಲ್ಲಿಗೆ ಚಪ್ಪಲಿ ತರುವಂತಿಲ್ಲ.

ನಾನು ಚಳ್ಳಕೆರೆಯ ಟೈಲರ್ ಮಗಳು. ಅರ್ಧ ಇಂಚಿಗೆ ಜಗಳ ಆಡುವ ಮನೆಯಲ್ಲಿ ಬೆಳೆದವಳು. ಮದುವೆಯಾಗಿ ಬಂದ ಹೊಸದರಲ್ಲಿ ಒಂದು ದಿನ ನನ್ನ ಹೊಸ ಚಪ್ಪಲಿ ಕಾಣಲಿಲ್ಲ. ತವರಿನವರು ಕೊಡಿಸಿದ್ದು, ಮೇಲೆ ಬಂಗಾರದ ಬಣ್ಣದ ಹೂವಿತ್ತು. ಸಂಜೆ ನಮ್ಮ ಯಜಮಾನರು ರಾಯದುರ್ಗದಿಂದ ಬಂದರು. ಹೂವು ಅವರ ಕಾಲಿನ ಮೇಲಿತ್ತು, ಹಿಮ್ಮಡಿ ಹಿಂದಕ್ಕೆ ಚಾಚಿಕೊಂಡಿತ್ತು. "ಯಾಕೋ ಇವತ್ತು ಬಸ್ಸಿನಾಗೆ ಎಲ್ಲರೂ ನನ್ನೇ ನೋಡ್ತಿದ್ರು" ಅಂದರು, ನಿಜವಾಗಿಯೂ ಆಶ್ಚರ್ಯಪಟ್ಟುಕೊಂಡು. ನಾನು ಮೂರು ಹೊತ್ತು ಮಾತು ಬಿಟ್ಟೆ. ಅವರಿಗೆ ಅದೂ ಗೊತ್ತಾಗಲಿಲ್ಲ.

ಅತ್ತೆಯವರು ಆಗ ನನಗೆ ಬುದ್ಧಿ ಹೇಳಿದ್ದು ನೆನಪಿದೆ. ಅವರದು ಅರ್ಧ ಕನ್ನಡ ಅರ್ಧ ತೆಲುಗು, ಪೂರ್ತಿ ಅಧಿಕಾರ. "ಸೀರೆ ನೋಡು ಪಿಲ್ಲಾ. ದಪ್ಪಗಿರೋಳಿಗೂ ಆಗ್ತೈತೆ, ಸಣಕಲಿಗೂ ಆಗ್ತೈತೆ. ತಾಯಿ ಉಟ್ಟಿದ್ದು ಮಗಳು ಉಡ್ತಾಳೆ. ಒಬ್ಬರಿಗೇ ಆಗೋ ವಸ್ತು ಯಾತಕ್ಕೆ ಬರ್ತೈತೆ ಹೇಳು?" ಸೀರೆಯ ಜೊತೆ ಬರುವ ರವಿಕೆ ಕಣವನ್ನು ಕತ್ತರಿಸಿ, ಒಬ್ಬರಿಗೇ ಆಗುವ ಹಾಗೆ ಹೊಲಿದು ಬದುಕುವವಳು ನಾನು. ಕತ್ತರಿ ಎತ್ತಿಕೊಂಡು ಮುಂದಿನ ಕಣ ಕತ್ತರಿಸತೊಡಗಿದೆ.

ನನ್ನ ಮಗಳಿಗೆ ನನ್ನ ಸ್ವಭಾವವೇ ಬಂದಿದೆ. ಪಾಪ, ಹುಟ್ಟಿದ್ದು ಮಾತ್ರ ಈ ಮನೆಯಲ್ಲಿ. ಏಳನೆಯ ತರಗತಿಯವರೆಗೆ ಅವಳು ಓದಿದ್ದು ನಮ್ಮ ಬೀದಿಯ ಸರ್ಕಾರಿ ಶಾಲೆಯಲ್ಲಿ. ಅಲ್ಲಿ ಕೊಟ್ಟ ಕಪ್ಪು ಶೂ ಅವಳಿಗೆ ತುಸು ಸಡಿಲವಿತ್ತು. ತಂದಿಟ್ಟ ಮರುದಿನವೇ ಮಾವನವರು ಅದರ ಹಿಂಭಾಗವನ್ನು ಮಡಿಚಿ ತುಳಿದು ಚಪ್ಪಲಿ ಮಾಡಿಕೊಂಡು ಟೀ ಅಂಗಡಿಗೆ ಹೋಗಿಬಂದರು. "ಗಟ್ಟಿ ಐತೆ ಕಣಮ್ಮ, ಸರ್ಕಾರದ್ದು ಅಂದ್ರೆ ಸುಮ್ನೇನಾ!" ಎಂದು ಹೊಗಳಿಯೂ ಬಿಟ್ಟರು. ಮಡಿಚಿದ ಹಿಂಭಾಗ ಮತ್ತೆ ಎದ್ದು ನಿಲ್ಲಲಿಲ್ಲ. ಆ ವರ್ಷ ಆಗಸ್ಟ್ ಹದಿನೈದರ ಕವಾಯತಿನಲ್ಲಿ ನನ್ನ ಮಗಳು ಮುಂದೆ ಹೋದಳು, ಅವಳ ಬಲಗಾಲಿನ ಶೂ ಹಿಂದೆ ಉಳಿಯಿತು. ಹಿಂದಿನ ಸಾಲಿನವರೆಲ್ಲ ಅದನ್ನು ತುಳಿದುಕೊಂಡೇ ನಡೆದರು. ಶಾಲೆಯಲ್ಲಿ ಎಲ್ಲರೊಂದಿಗೆ ತಾನೂ ನಕ್ಕಳಂತೆ. ಮನೆಗೆ ಬಂದು ನನ್ನ ಹೊಲಿಗೆ ಮಿಷನ್ನಿನ ಹಿಂದೆ ಕೂತು ಅತ್ತಳು. ಆ ಅಳು ನನಗೆ ಈಗಲೂ ಸಂಕಟ ತರುತ್ತದೆ.

ಹೀಗಾಗಿ ಎಂಟನೆಯ ತರಗತಿಗೆ ಖಾಸಗಿ ಹೈಸ್ಕೂಲು ಸೇರಿ, ಶೂ ನಾವೇ ಕೊಡಿಸಬೇಕು ಎಂದಾದಾಗ ಅವಳು ಒಂದೇ ಒಂದು ಷರತ್ತು ಹಾಕಿದಳು. ಬಣ್ಣ, ಬೆಲೆ, ಕಂಪನಿ ಯಾವುದೂ ಅವಳಿಗೆ ಬೇಕಿರಲಿಲ್ಲ.

"ಅವ್ವ, ಆ ಶೂ ಈ ಮನ್ಯಾಗೆ ಬೇರೆ ಯಾರ ಕಾಲಿಗೂ ಆಗಬಾರ್ದು."

"ಸರಿ ಕಣೇ" ಅಂದೆ. ಮನಸ್ಸಿನಲ್ಲೇ ಹಾಲು ಕುಡಿದಷ್ಟು ಸಂತೋಷವಾಯಿತು.

ಚಳ್ಳಕೆರೆಗೆ ನಾವಿಬ್ಬರೇ ಹೋಗುವುದೆಂದು ಮಾತಾಗಿತ್ತು. ಬೆಳಿಗ್ಗೆ ನೋಡಿದರೆ ಅತ್ತೆಯವರು ತಲೆ ಬಾಚಿ, ಹೂ ಮುಡಿದು, ಕೈಚೀಲ ಹಿಡಿದು ಜಗಲಿಯ ಮೇಲೆ ಕೂತಿದ್ದಾರೆ. "ನೀವಿಬ್ಬರೇ ಹೋದ್ರೆ ಅಂಗಡಿಯವನು ಟೋಪಿ ಹಾಕ್ತಾನೆ" ಅಂದರು. ಟೋಪಿ ಹಾಕುವವರಿಗೆ ಟೋಪಿ ಹಾಕಬಲ್ಲ ಹೆಂಗಸು. ಎದುರಾಡುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ.

ಅಂಗಡಿಯ ಸಾಹೇಬರು ನನ್ನ ತಂದೆಯ ಕಾಲದಿಂದ ಪರಿಚಯದವರು. "ಬೈಠೋ ಬೇಟಾ" ಎಂದು ಮಗಳನ್ನು ಸ್ಟೂಲಿನ ಮೇಲೆ ಕೂರಿಸಿದರು. ಅತ್ತೆಯವರು ಬೆಂಚಿನ ಮೇಲೆ ಕಾಲು ಮಡಿಚಿ, ಸೆರಗು ಹೊದ್ದು, ನ್ಯಾಯ ಹೇಳಲು ಬಂದವರ ಹಾಗೆ ಕೂತರು. ಸಾಹೇಬರು ತೆಗೆದ ಮೊದಲ ಜೊತೆಯನ್ನು ಮಗಳು ಹಾಕಿಕೊಂಡಳು, ಬಿಚ್ಚಿದಳು, ನನ್ನ ಮುಂದಿಟ್ಟಳು.

"ನೀನು ಹಾಕ್ಕೋ ಅವ್ವ."

"ನಾನ್ಯಾಕೆ?"

"ಹಾಕ್ಕೋ ಅಂದ್ರೆ."

ಹಾಕಿಕೊಂಡೆ. ಒದ್ದಾಡಿಕೊಂಡು ಹೋಯಿತು. "ಇದು ಬ್ಯಾಡ್ರಿ" ಎಂದು ಸಾಹೇಬರಿಗೆ ವಾಪಸು ಕೊಟ್ಟಳು. ಅವರು ಗಡ್ಡ ಕೆರೆದುಕೊಂಡು ನನ್ನ ಮುಖ ನೋಡಿದರು. ಶಾಲೆಗೆ ಹೋಗುವುದು ತಾಯಿಯೋ ಮಗಳೋ ಎಂಬ ಅನುಮಾನ ಅವರಿಗೆ ಬಂದಿರಬೇಕು. ಅದಕ್ಕಿಂತ ಚಿಕ್ಕದು ತೆಗೆದರು. ಅದರಲ್ಲಿ ನನ್ನ ಬೆರಳುಗಳಷ್ಟೇ ಹೋದವು. ಆದರೂ ಅವಳಿಗೆ ಸಮಾಧಾನವಿಲ್ಲ, ಇನ್ನೂ ಚಿಕ್ಕದು ಕೇಳಿದಳು. ಅದನ್ನು ಉಸಿರು ಬಿಗಿಹಿಡಿದು ಏರಿಸಿಕೊಂಡು, ಮುಖ ಕೆಂಪಗೆ ಮಾಡಿಕೊಂಡು, "ಎಷ್ಟು ಆರಾಮಾಗೈತೆ ಅವ್ವ!" ಅಂದಳು.

"ನಡಿ ನೋಡಾನ."

ಕೆಸರಿನಲ್ಲಿ ಕೊಕ್ಕರೆ ನಡೆದ ಹಾಗೆ ಒಂದೊಂದೇ ಕಾಲೆತ್ತಿ ನಡೆದಳು. ಕಣ್ಣಲ್ಲಿ ನೀರು, ತುಟಿಯಲ್ಲಿ ನಗು. ನಾನು ಬಗ್ಗಿ ಶೂವಿನ ತುದಿ ಒತ್ತಿದೆ. ಬೆರಳುಗಳು ಒಳಗೆ ಮುದುಡಿಕೊಂಡಿದ್ದವು. ನನಗೆ ಸಿಟ್ಟು ನೆತ್ತಿಗೇರಿತು.

"ಬೆರಳು ಬಿಚ್ಚೇ! ಶೂ ತಗೊಳ್ಳೋಕೆ ಬಂದೀಯಾ, ಕಾಲು ಕೊಯ್ಯಿಸಿಕೊಳ್ಳೋಕೆ ಬಂದೀಯಾ?"

ಅತ್ತೆಯವರು ಇದೇ ಸಮಯ ಕಾಯುತ್ತಿದ್ದರು. ಮೇಲಿನ ಸಾಲಿನಲ್ಲಿದ್ದ ದೋಣಿಯಂಥ ಜೊತೆಯೊಂದನ್ನು ಬೆರಳು ಮಾಡಿ ತೋರಿಸಿದರು. "ಅದು ತೆಗೀರಿ ಸಾಬ್ರೇ. ಎದಿಗೇ ಪಿಲ್ಲ, ಬೆಳೆಯೋ ಹುಡುಗಿ. ಹತ್ತನೇ ಕ್ಲಾಸಿನವರೆಗೂ ಬರ್ತೈತೆ. ಮುಂದಕ್ಕೆ ಒಂದಿಷ್ಟು ಹತ್ತಿ ತುರುಕಿದ್ರಾಯ್ತು."

"ತಾತ ಹಾಕ್ಕೊಂಡು ಹೋಗ್ತಾರೆ" ಅಂದಳು ಮಗಳು.

"ಹೋದ್ರೇನಾಯ್ತು? ತಿರುಗಿ ಬರ್ತಾರಲ್ಲ."

ಮಗಳು ನನ್ನನ್ನು ನೋಡಿದಳು. ಅವಳ ಆ ನೋಟದಲ್ಲಿ ಆಗಸ್ಟ್ ಹದಿನೈದರ ಮೈದಾನ ಪೂರ್ತಿ ಇತ್ತು. ಅತ್ತೆಯವರಿಗೆ ನಾನು ಎದುರು ಮಾತಾಡುವುದು ಅಪರೂಪ. ಆಡಿದರೂ ಅಡುಗೆಮನೆಯಲ್ಲಿ, ಪಾತ್ರೆಗಳಿಗೆ ಕೇಳುವ ಹಾಗೆ. ಅವತ್ತು ಮಾತ್ರ ತವರೂರಿನ ಗಾಳಿ ಕುಡಿದಿದ್ದೆನಲ್ಲ, "ಅತ್ತೆ, ಹತ್ತನೇ ಕ್ಲಾಸಿಗೆ ಹತ್ತನೇ ಕ್ಲಾಸಿನ ಶೂ ತಗೊಳ್ಳಾನ. ಈಗ ಎಂಟನೇದು ಸಾಕು" ಎಂದು ಹೇಳಿಯೇಬಿಟ್ಟೆ. ಎರಡನೆಯ ಜೊತೆಯನ್ನೇ ಮತ್ತೆ ಹಾಕಿಸಿದೆ. ಬೆರಳು ಚಾಚಿದರೆ ತುದಿಗೆ ತಾಗುವುದಿಲ್ಲ, ಹಿಮ್ಮಡಿ ಎತ್ತಿದರೆ ಕಳಚುವುದಿಲ್ಲ. ಅಳತೆ ಕೊಟ್ಟು ಹೊಲಿಸಿದ ಹಾಗಿತ್ತು. ಸಾಹೇಬರು ಇನ್ನೊಂದು ಮಾತು ಬರುವ ಮೊದಲೇ ಡಬ್ಬಿ ಕಟ್ಟಿದರು.

ಬಸ್ಸಿನಲ್ಲಿ ಅತ್ತೆಯವರು ಕಿಟಕಿಗೆ ಮುಖ ಮಾಡಿ ಕೂತರು. ತಳಕು ಊರು ದಾಟಿದ ಮೇಲೆ ಹೊರಗಿನ ಹೊಲಗಳಿಗೆ ಹೇಳುವಂತೆ, "ಗಟ್ಟಿ ಚರ್ಮ. ಬಿಗಿ ಬೇರೆ. ಕಚ್ಚದೆ ಬಿಡ್ತಾವಾ?" ಅಂದರು. ಮಗಳು ಡಬ್ಬಿಯನ್ನು ಎದೆಗೆ ಅವುಚಿಕೊಂಡು ನಿದ್ದೆ ಮಾಡುವವಳಂತೆ ನಟಿಸಿದಳು.

ಮನೆಗೆ ಬಂದ ಕೂಡಲೇ ಜಗಲಿಯ ಮೇಲೆ ಪರೀಕ್ಷೆ ನಡೆಯಿತು. ಮಗಳೇ ಎಲ್ಲರನ್ನೂ ಕರೆದಳು. ಮಗ್ಗದಿಂದ ಎದ್ದು ಬಂದ ಅವರಪ್ಪನ ಪಾದ ಅರ್ಧಕ್ಕೇ ಸಿಕ್ಕಿಕೊಂಡಿತು. ಮಾವನವರು ಹಿಂಭಾಗ ಮಡಿಚಲು ನೋಡಿದರು. ಅದು ಜಗ್ಗಲಿಲ್ಲ. "ಇದೆಂಥಾ ಶೂ ಅಮ್ಮ, ಮರ್ಯಾದೇನೇ ಇಲ್ಲ ಇದಕ್ಕೆ!" ಎಂದು ಬೇಸರದಿಂದ ಬದಿಗಿಟ್ಟರು. ಮಗಳು ಕುಣಿದಾಡಿದಳು. ಅತ್ತೆಯವರು ಮುನಿಸಿಕೊಂಡು ಒಳಗೆ ಲಾಳಿಯ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದರು, ಈ ಕಡೆ ತಿರುಗಿಯೂ ನೋಡಲಿಲ್ಲ. ಅಂತೂ ಶೂ ಬಾಗಿಲ ಬಳಿ ಎಲ್ಲ ಚಪ್ಪಲಿಗಳ ನಡುವೆ ನೆಮ್ಮದಿಯಾಗಿ ಕೂತಿತು. ಶಾಲೆ ಶುರುವಾಗುವವರೆಗೆ ದಿನಾ ಸಂಜೆ ಅವಳು ಅದನ್ನು ಹಾಕಿಕೊಂಡು ಬೀದಿಯ ಕೊನೆಯವರೆಗೆ ಹೋಗಿ ಬರುತ್ತಿದ್ದಳು. "ಕಚ್ಚುತ್ತೇನೇ?" ಎಂದರೆ "ಊಹೂಂ" ಅನ್ನುತ್ತಿದ್ದಳು. ನಾನು ನಂಬಿದೆ. ಅಳತೆ ಸರಿಯಾಗಿದೆಯಲ್ಲ, ಮತ್ತೇನು?

ಶಾಲೆಯ ಮೊದಲ ದಿನ ಬೆಳಿಗ್ಗೆ ಮಗಳು ಎರಡು ಜಡೆ ಹಾಕಿಸಿಕೊಂಡು, ಬಿಳಿ ಸಾಕ್ಸು ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದವಳು ಕಿಟಾರನೆ ಕಿರುಚಿದಳು. ಶೂ ಇರಲಿಲ್ಲ.

ನಾನು ಓಡಿಬಂದೆ. ಮಾವನವರ ಕಾಲು ನೋಡಿದೆ, ಬರಿಗಾಲು. ಯಜಮಾನರು ಮಗ್ಗದ ಗುಂಡಿಯಲ್ಲಿದ್ದರು. "ನನ್ನ ಕಾಲಿಗೆ ಅದು ಆಗಲ್ಲ ಅಂತ ನೀವೇ ನೋಡಿದ್ರಲ್ಲ!" ಎಂದು ಇಬ್ಬರೂ ಒಟ್ಟಿಗೆ ಕೂಗಿದರು. ಜೀವನದಲ್ಲಿ ಮೊದಲ ಸಲ ಅವರ ಮೇಲೆ ಚಪ್ಪಲಿಯ ಆಪಾದನೆ ನಿಲ್ಲದೆ ಹೋದದ್ದಕ್ಕೆ ಇಬ್ಬರ ಮುಖದಲ್ಲೂ ಒಂದು ಗೆಲುವಿತ್ತು. ಬೀದಿನಾಯಿ ಎಳೆದೊಯ್ದಿರಬೇಕೆಂದು ಮಾವನವರು ಕೋಲು ಹಿಡಿದು ಹೊರಟರು. ಮಗಳು ಸಾಕ್ಸು ಹಿಡಿದುಕೊಂಡು ಜಗಲಿಯ ಮೇಲೆ ಕುಸಿದು ಕೂತಳು. ಈ ಸಲ ಮಿಷನ್ನಿನ ಹಿಂದೆ ಹೋಗಿ ಅಳುವಷ್ಟು ತಾಳ್ಮೆಯೂ ಉಳಿದಿರಲಿಲ್ಲ, ಎಲ್ಲರ ಎದುರೇ ಅತ್ತಳು.

ಆಗ ಬೀದಿಯ ತಿರುವಿನಲ್ಲಿ ಅತ್ತೆಯವರು ಕಂಡರು. ಒಂದು ಕೈಯಲ್ಲಿ ಹಾಲಿನ ಪ್ಯಾಕೆಟ್ಟು, ಇನ್ನೊಂದರಲ್ಲಿ ಎತ್ತಿ ಹಿಡಿದ ಸೀರೆಯ ನೆರಿಗೆ. ನೆರಿಗೆಯ ಕೆಳಗೆ ಕಪ್ಪಗೆ ಮಿಂಚುವ ಶೂ. ಲೇಸು ಕಟ್ಟಲು ಬಾರದೆ ತುದಿಗಳನ್ನು ಒಳಗೆ ತುರುಕಿಕೊಂಡಿದ್ದರು. ದಪ ದಪ ಎಂದು ಪೊಲೀಸರ ಹಾಗೆ ನಡೆದು ಬರುತ್ತಿದ್ದರು.

ಎಲ್ಲರ ಕಾಲಿಗೂ ಶೂ ಹಿಡಿದು ನೋಡಿದ್ದೆವು, ಅತ್ತೆಯವರ ಕಾಲಿಗೆ ನೋಡಿರಲಿಲ್ಲ. ಮನೆಯನ್ನೆಲ್ಲ ಆಳುವ ಹೆಂಗಸಿನ ಪಾದ ಇಷ್ಟು ಪುಟ್ಟದಿದ್ದೀತೆಂದು ನನಗೆ ಹೊಳೆದೇ ಇರಲಿಲ್ಲ.

"ಅಜ್ಜೀ! ಯಾರಿಗೂ ಆಗಬಾರ್ದು ಅಂತ ತಂದಿದ್ದು ಅದು!" ಮಗಳು ಕೂಗಿದಳು.

"ನನಗೆ ಆಗ್ತೈತಲ್ಲ ಪಿಲ್ಲಾ, ನಾನೇನು ಮಾಡ್ಲಿ" ಎಂದು ಅತ್ತೆಯವರು ಜಗಲಿಯ ಮೇಲೆ ಕೂತು ಶೂ ಕಳಚಿದರು. ಎರಡೂ ಹಿಮ್ಮಡಿಗೆ ಹಳೆಯ ಬಟ್ಟೆ ಸುತ್ತಿದ್ದರು. ಒಂದು ಕಡೆ ಬಟ್ಟೆ ದಾಟಿ ರಕ್ತ ಕಾಣುತ್ತಿತ್ತು. "ಸಂಜೆ ಹೊತ್ತು ಕುಂಟ್ಕೊಂಡು ಬರ್ತಿದ್ದೆಯಲ್ಲ, ನನಗೆ ಕಣ್ಣಿಲ್ವಾ? ನಿಮ್ಮವ್ವನಿಗೆ ಅಳತೆ ಒಂದೇ ಕಾಣೋದು. ಚರ್ಮ ಪಳಗ್ಲಿ ಅಂತ ದಿನಾ ಬೆಳಿಗ್ಗೆ ನೀವು ಏಳೋ ಮುಂಚೆ ಹಾಕ್ಕೊಂಡು ತಿರುಗ್ತೀನಿ. ಇವತ್ತು ಹಾಲಿನ ಗಾಡಿ ತಡ ಆಯ್ತು, ಸಿಕ್ಕಿಬಿದ್ದೆ. ಹಾಕ್ಕೊಂಡು ನೋಡು ಈಗ."

ಮಗಳು ಮೂಗು ಒರೆಸಿಕೊಂಡು ಸಾಕ್ಸು ಏರಿಸಿದಳು, ಶೂ ಹಾಕಿಕೊಂಡಳು, ಎದುರು ಮನೆಯ ಕಂಬದವರೆಗೆ ನಡೆದು ಬಂದಳು. "ಕಚ್ಚಲ್ಲ" ಅಂದಳು, ಇನ್ನೂ ಕೋಪದಲ್ಲೇ. "ಆದ್ರೂ ಇನ್ಮೇಲೆ ಇದು ನಿನಗೂ ಆಗ್ತೈತೆ."

ಅತ್ತೆಯವರು ನಕ್ಕು, ಅವಳ ಪಾದದ ಪಕ್ಕದಲ್ಲಿ ತಮ್ಮ ಪಾದ ಇಟ್ಟು ತೋರಿಸಿದರು. "ಈ ವರ್ಷ ಒಂದೇ ಕಣೇ ನಾವಿಬ್ರೂ ಸಮ. ಬರೋ ವರ್ಷ ನೀನು ಬೆಳೀತೀಯ. ನಾನು ಎಲ್ಲಿ ಬೆಳೀಲಿ?"

ಅಷ್ಟು ವರ್ಷ ಅವರ ಮೇಲೆ ಹಲ್ಲು ಕಡಿದದ್ದಕ್ಕೆಲ್ಲ ಅವತ್ತು ಒಮ್ಮೆಲೇ ಅವರ ಮೇಲೆ ಪ್ರೀತಿ ಬಂತು. ಒಳಗೆ ಹೋಗಿ ಕೊಬ್ಬರಿ ಎಣ್ಣೆ ತಂದು ಅವರ ಹಿಮ್ಮಡಿಗೆ ಹಚ್ಚಿದೆ. "ಮೆತ್ತಗೆ ಪಿಲ್ಲಾ" ಎಂದು ಗದರಿದರು. ಮಗಳು ಚೀಲ ಹೆಗಲಿಗೇರಿಸಿ ಹೊರಟಳು. ತಿರುವಿನಲ್ಲಿ ಒಮ್ಮೆ ನಿಂತು ತಿರುಗಿ ನೋಡಿದಳು, ನನ್ನನ್ನಲ್ಲ.

ಸಂಜೆ ಬಂದವಳು ಶೂವನ್ನು ಉಳಿದ ಚಪ್ಪಲಿಗಳ ಜೊತೆ ಬಿಡಲಿಲ್ಲ. ಬಟ್ಟೆಯಿಂದ ಧೂಳು ಒರೆಸಿ, ಜಗಲಿಯ ಮೇಲಿದ್ದ ಅಜ್ಜಿಯ ಮಂಚದ ಕೆಳಗೆ ಜೋಡಿಸಿ ಇಟ್ಟಳು. ಆಮೇಲೆ ಅಜ್ಜಿಯನ್ನು ಕೂರಿಸಿಕೊಂಡು ಲೇಸು ಕಟ್ಟುವುದನ್ನು ಹೇಳಿಕೊಟ್ಟಳು. ಅದೆಲ್ಲ ಮುಗಿದ ಮೇಲೆ ಇಬ್ಬರೂ ಬಾಗಿಲಲ್ಲಿ ಬಂದು ನಿಂತು, ಇದು ನಮ್ಮಿಬ್ಬರದು, ಬೇರೆ ಯಾರೂ ಮುಟ್ಟುವಂತಿಲ್ಲ ಎಂದು ನಮಗೆಲ್ಲ ತಾಕೀತು ಮಾಡಿದರು.