ಭಾನುವಾರ ಹನ್ನೊಂದರ ಫೋನು

ಕಳೆದ ತಿಂಗಳು ನಮ್ಮ ಮನೆಗೆ ಒಬ್ಬ ಪೇದೆ ಬಂದ. ಕೈಯಲ್ಲಿ ಮಾರುದ್ದದ ಕಂಪ್ಯೂಟರ್ ಕಾಗದ. ಹದಿನೈದು ದಿನದಲ್ಲಿ ನಮ್ಮ ಫೋನಿಗೆ ಯಾವ ಊರಿನ ಯಾವ ಬೂತಿನಿಂದ, ಎಷ್ಟು ಗಂಟೆಗೆ ಕರೆ ಬಂದಿದೆ ಎಂಬ ಪಟ್ಟಿ. ಊರಿಗೆ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ಬಂದ ದಿನ ಪೇಡ ಹಂಚಿದ್ದೆವು. ಅದರ ಪ್ರಸಾದ ಹೀಗೆ ಬಾಗಿಲಿಗೆ ಬರುತ್ತದೆಂದು ಯಾರಿಗೆ ಗೊತ್ತಿತ್ತು?

"ಐದೈದು ನಿಮಿಷಕ್ಕೆ ಎರಡೆರಡು ಕಾಲ್ ಬಂದವೆ. ಮೊದಲ್ನೇದು ಚಿಕ್ಕದು, ಆಮೇಲಿಂದು ಉದ್ದ. ಏನ್ ಮೇಷ್ಟ್ರೇ ಇದು, ಕೋಡಾ?" ಅಂದ.

ನಗು ತಡೆಯಲಾಗಲಿಲ್ಲ. ಅಯ್ಯಾ ಪತ್ತೇದಾರ, ಇಡೀ ಬೀದಿಗೆ ಇರುವುದು ನಮ್ಮದೊಂದೇ ಫೋನು, ಎಲ್ಲರಿಗೂ ಅದೇ ಪಿ.ಪಿ. ನಂಬರು. ಬೀದಿಯ ಮದುವೆ ಕಾಗದಗಳಲ್ಲೆಲ್ಲ ನನ್ನ ನಂಬರೇ ಅಚ್ಚಾಗುತ್ತದೆ. ಮೊದಲ ಸಲ ಫೋನು ಮಾಡಿ, ಅವ್ವನನ್ನು ಕರೀರಿ ಅಂತ ಹೇಳಿ ಇಟ್ಟುಬಿಡುತ್ತಾರೆ. ನಾವು ಹೋಗಿ ಕರೆತರುತ್ತೇವೆ. ಐದು ನಿಮಿಷ ಬಿಟ್ಟು ಮತ್ತೆ ಮಾಡುತ್ತಾರೆ. ಇಷ್ಟೂ ಗೊತ್ತಿಲ್ಲದವರು ಪೊಲೀಸರು!

ಅವನ ಪೆದ್ದುತನ ತೋರಿಸುವ ಹುಮ್ಮಸ್ಸು ನನಗೆ. ಪಟ್ಟಿ ಈಸಿಕೊಂಡು ಪಾಠ ಶುರುಮಾಡಿದೆ. ತೊಣ್ಣೂರು, ಎದುರು ಮನೆಯವರ ಬೀಗರು. ಬೆಳಗೊಳ, ಹಿಂದಿನ ಮನೆಯ ಅಳಿಯ, ಎಮ್ಮೆ ಕರು ಹಾಕಿದ ಸುದ್ದಿ. ಕೆ.ಆರ್.ಪೇಟೆ, ಭಾನುವಾರ ಹನ್ನೊಂದು ಗಂಟೆ, ಪಕ್ಕದ ಮನೆ ಗೌರಮ್ಮನ ಮಗಳು ಸವಿತ.

ಪೇದೆ ಜೇಬಿನಿಂದ ಪೆನ್ನು ತೆಗೆದ. ಅವನು ಬಂದದ್ದೇ ಅದೊಂದು ಸಾಲಿಗಾಗಿ. ಪೆದ್ದ ಯಾರು ಅನ್ನುವುದು ಆಗ ತಿಳಿಯಿತು.

(ಹೆಸರು ಬದಲಿಸಿದ್ದೇನೆ. ಬುದ್ಧಿ ಬಂದಿದೆ, ತಡವಾಗಿ.)

ಸವಿತಳಿಗೆ ಇಪ್ಪತ್ಮೂರು ವರ್ಷ. ಎರಡು ತಿಂಗಳ ಹಿಂದೆ, ಮೆಚ್ಚಿದವನನ್ನು ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯಾಗಿ ಊರು ಬಿಟ್ಟಳು. ಸಿಕ್ಕಿದರೆ ಕಾಲು ಮುರಿಯುತ್ತೇನೆ ಅಂತ ಅವಳಣ್ಣ ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದ್ದ. ಅವನಿಗೆ ಸಬ್ ಇನ್ಸ್‌ಪೆಕ್ಟರು ದೋಸ್ತಿ. ಕೇಸಿಲ್ಲ, ದೂರಿಲ್ಲ, ಕೋರ್ಟಿನ ಒಂದು ಚೀಟಿಯೂ ಇಲ್ಲ. ಅಣ್ಣ ಕೇಳಿದ, ಇವರು ಎಕ್ಸ್‌ಚೇಂಜಿನಿಂದ ಕಾಗದ ತೆಗೆಸಿದರು. ಅಷ್ಟೇ.

ಯಾರ ಆರ್ಡರ್ ಮೇಲೆ ತೆಗೆಸಿದಿರಿ ಅಂತ ಆಮೇಲೆ ಗದರಿದೆ.

"ಫೋನು ಸರ್ಕಾರದ್ದು. ಸರ್ಕಾರದೋರು ನೋಡುದ್ರೆ ಏನಾಯ್ತದೆ, ಬುಡಿ ಮೇಷ್ಟ್ರೇ" ಅಂದು ಕಾಗದ ಮಡಿಸಿಕೊಂಡು ಹೊರಟ.

ನಲ್ಲಿ ನೀರೂ ಸರ್ಕಾರದ್ದೇ. ಹಾಗಂತ ಬಚ್ಚಲಮನೆಗೆ ಇಣುಕುತ್ತೀರೇನ್ರೀ? ಒಬ್ಬಳು ಎಲ್ಲಿದ್ದಾಳೆ, ಯಾರ ಜೊತೆ ಮಾತಾಡಿದಳು ಅನ್ನುವುದು ಅವಳ ಸ್ವಂತ ವಿಷಯ. ಕಾನೂನಿನ ದಾರಿ ಬಿಟ್ಟು ಅದಕ್ಕೆ ಕೈಹಾಕುವಂತಿಲ್ಲ. ಸಂವಿಧಾನದ ಇಪ್ಪತ್ತೊಂದನೇ ವಿಧಿ ನೋಡಿ. ಇಪ್ಪತ್ತು ವರ್ಷದಿಂದ ಹೈಸ್ಕೂಲಿನ ಬೋರ್ಡಿನ ಮೇಲೆ ಇದನ್ನೇ ಬರೆಯುತ್ತಿದ್ದೇನೆ. ಮಕ್ಕಳು ಬಾಯಿಪಾಠ ಒಪ್ಪಿಸಿ ಮಾರ್ಕು ತೆಗೆಯುತ್ತಾರೆ. ಆ ಸಬ್ ಇನ್ಸ್‌ಪೆಕ್ಟರೂ ಎಲ್ಲೋ ಹೀಗೇ ಪಾಸಾಗಿರಬೇಕು.

ಮುಂದಿನ ಭಾನುವಾರ ಅಣ್ಣನೂ ಪೇದೆಯೂ ಕೆ.ಆರ್.ಪೇಟೆಯ ಬೂತಿನೆದುರು ಕಾದು ನಿಂತರು. ಸವಿತ ದೂರದಿಂದಲೇ ಅಣ್ಣನನ್ನು ಕಂಡು ಸಂದಿಯಲ್ಲಿ ಮಾಯವಾದಳಂತೆ. ಬಾಡಿಗೆ ಮನೆ ಹುಡುಕಿಕೊಂಡು ಹೋಗುವಷ್ಟರಲ್ಲಿ ಬೀಗ. (ಪೇದೆಯೇ ಹೋಟೆಲಿನಲ್ಲಿ ಹೇಳಿದ್ದು. ಪಾಪ, ಅವನ ರಜೆ ಹಾಳಾಯಿತಂತೆ.) ಅಂದಿನಿಂದ ಅವಳ ಫೋನಿಲ್ಲ.

ಗೌರಮ್ಮನಿಗೆ ಇದೊಂದೂ ಗೊತ್ತಿಲ್ಲ. (ಓದು ಬಾರದು, ಅದಕ್ಕೇ ಇಲ್ಲಿ ಬರೆಯುವ ಧೈರ್ಯ ನನಗೆ.) ಪ್ರತಿ ಭಾನುವಾರ ಹತ್ತೂವರೆಗೇ ಬಂದು ಫೋನಿನ ಪಕ್ಕ ಕೂರುತ್ತಾರೆ. ಮೊನ್ನೆಯೂ ಹನ್ನೆರಡರ ತನಕ ಕೂತು, ಸೆರಗು ಕೊಡವಿಕೊಂಡು ಎದ್ದರು.

"ಲೈನ್ ಏನಾರ ಕೆಟ್ಟೋಗದಾ ಮೇಷ್ಟ್ರೇ?"

ಹೌದು ಗೌರಮ್ಮ, ಕೆಟ್ಟಿದೆ ಅಂದೆ.

ಕೇಳುವ ಹಕ್ಕೇ ಇಲ್ಲದವನಿಗೆ ನಿಜ ಹೇಳಿ, ಹಕ್ಕಿದ್ದವಳಿಗೆ ಸುಳ್ಳು ಹೇಳಿದ ನಾನು ನಾಳೆ ಯಾವ ಮುಖ ಇಟ್ಟುಕೊಂಡು ಪೌರನೀತಿ ಪಾಠ ಮಾಡಲಿ?